ಇರಾಸಿಯ ಗುಟ್ಟಿನ ಗೆಳೆಯ

ಇರಾಸಿ ಫಗುಂಡೆಸ್ ಯಾರನ್ನೂ ಕ್ಷಮಿಸಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಅವಳ ಬಗ್ಗೆ ಮರುಕ ಪಡಲು ಹೊರಟವರು ಮೋಸ ಹೋಗಬಾರದು. ಹರೆಯದಲ್ಲಿ ಒಬ್ಬ ಮಾಂಸದಂಗಡಿಯವನು ವಾಸನೆ ಬಂದ ತುಂಡೊಂದನ್ನು ಅವಳಿಗೆ ದಾಟಿಸಿದ್ದ. ಅಂದಿನಿಂದ ಅವಳು ಮಾಂಸಕ್ಕೆಂದು ಗುಡ್ಡ ಹತ್ತಿ ಇಳಿದು ದೂರದ ಅಂಗಡಿಗೆ ಹೋದಳೇ ಹೊರತು ಬೀದಿ ಕೊನೆಯ ಆ ಬಾಗಿಲನ್ನು ಮತ್ತೆ ತುಳಿಯಲಿಲ್ಲ. ಅವನು ಸತ್ತಾಗ ಮರಣಪತ್ರಕ್ಕೆ ಮಗ ನೋಂದಣಿ ಕಚೇರಿಯಲ್ಲಿ ಅವಳ ಕಿಟಕಿಗೇ ಬರಬೇಕಾಯಿತು. ಮನೆಯಲ್ಲಿ ಜನ ಕಾಯುತ್ತಿದ್ದಾರೆ, ಸ್ವಲ್ಪ ಮುಂದೆ ಬಿಡಿ ಎಂದು ಬೇಡಿಕೊಂಡ.

"ಸಾಲು ಅಂದ್ರೆ ಸಾಲು," ಎಂದಳು ಇರಾಸಿ. "ನಿಮ್ಮಪ್ಪನಿಗೆ ಇನ್ನೇನು ಅವಸರ?"

ಜುಯಿಜ್ ದೆ ಫೋರಾ ಊರಿನ ಆ ನೋಂದಣಿ ಕಚೇರಿಯಲ್ಲಿ ಜನನ-ಮರಣಗಳ ಕಿಟಕಿ ಅವಳದು. ಒಂಟಿ ಹೆಂಗಸು, ಐವತ್ತು ದಾಟಿದವಳು, ಬೆನ್ನು ಬಾಗದವಳು. ಕಚೇರಿಯಲ್ಲಿ ಅವಳಿಗಿಂತ ಮೇಲಿನವರು ಬಹಳ ಮಂದಿ ಇದ್ದರು. ಆದರೆ ಡಿಸೆಂಬರ್ ಬಂತೆಂದರೆ ಎಲ್ಲರೂ ಅವಳ ಮಾತು ಕೇಳಬೇಕು. ಕಚೇರಿಯ ಕ್ರಿಸ್‌ಮಸ್ ಕೂಟದಲ್ಲಿ ಯಾರು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅಲ್ಲಿ ತಿಳಿದಿದ್ದವಳು ಅವಳೊಬ್ಬಳೇ. ಹೊಸದಾಗಿ ಸೇರಿದವರನ್ನು ಕಿಟಕಿಯ ಹಿಂದೆ ನಿಲ್ಲಿಸಿಕೊಂಡು, ಹಿರಿಯ ಹೆಂಗಸರಿಗೆ ದೋನಾ ಎನ್ನಬೇಕು, ಗಂಡಸರಿಗೆ ಸೆವು ಎನ್ನಬೇಕು ಎಂಬಲ್ಲಿಂದ ಪಾಠ ಹೇಳುತ್ತಿದ್ದಳು. ಕ್ಲಿಯೊನೀಸ್ ಎಂಬ ಮಾತಿನಮಲ್ಲಿ ಹುಡುಗಿ ಕೆಲಸಕ್ಕೆ ಸೇರಿದಾಗಲೂ ಹೇಳಿದ್ದಳು.

"ಕಚೇರಿ ಹಬ್ಬ ಮನೆ ಹಬ್ಬ ಅಲ್ಲ, ತಿಳೀತಾ? ಬಿಯರು ಎರಡು ಲೋಟ. ಮೂರನೇದು ಬೇಕು ಅನ್ಸಿದ್ರೆ ಮನೆಗೆ ಹೋಗಿ ಕುಡಿ. ಮೇಲಿನವರು ಹಾಡಿದ್ರೆ ಚಪ್ಪಾಳೆ ತಟ್ಟು, ಜೊತೇಲಿ ಹಾಡ್ಬೇಡ. ಸಂಬಳದ ಮಾತು ಎತ್ಬೇಡ."

"ಅನ್ನಕ್ಕೆ ಒಣದ್ರಾಕ್ಷಿ ಹಾಕಿದ್ರೆ ನಂಗೆ ಸೇರಲ್ಲ, ದೋನಾ ಇರಾಸಿ."

"ತಿನ್ನು. ಆರಿಸಿ ಆರಿಸಿ ತಟ್ಟೆ ಅಂಚಿಗೆ ಸಾಲಾಗಿ ಇಡೋದು ಮರ್ಯಾದಸ್ತರ ಮನೆ ಹೆಣ್ಣು ಮಾಡೋ ಕೆಲಸ ಅಲ್ಲ. ಇನ್ನೊಂದು. ಗುಟ್ಟಿನ ಗೆಳೆಯನ ಚೀಟಿ ಬದಲಾಯಿಸ್ಕೊಳೋ ಹಾಗಿಲ್ಲ. ಯಾರು ಬಂದ್ರೋ ಅವರೇ."

ಗುಟ್ಟಿನ ಗೆಳೆಯನ ಆಟವೆಂದರೆ ಕೂಟದ ಜೀವ. ಎಲ್ಲರ ಹೆಸರನ್ನೂ ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಿ ಕುಲುಕುತ್ತಾರೆ. ಒಬ್ಬೊಬ್ಬರೂ ಒಂದು ಚೀಟಿ ಎತ್ತಿ, ಬಂದ ಹೆಸರನ್ನು ಬಾಯಿ ಬಿಡದೆ, ಆ ವ್ಯಕ್ತಿಗೆ ಒಂದು ಉಡುಗೊರೆ ತರುತ್ತಾರೆ. ಕೂಟದ ದಿನ ಉಡುಗೊರೆ ಹಿಡಿದು ನಡುವೆ ನಿಂತು, ಹೆಸರು ಹೇಳದೆ ತನ್ನ ಗೆಳೆಯನ ಗುಣ ವರ್ಣಿಸಬೇಕು. ಕೂತವರು ಯಾರೆಂದು ಊಹಿಸಿ ಕೂಗಬೇಕು. ಕೊನೆಗೆ ಕೊಟ್ಟವರೂ ಪಡೆದವರೂ ಅಪ್ಪಿಕೊಳ್ಳಬೇಕು. ಅಪ್ಪಿಕೊಳ್ಳದೆ ಬಿಡುವಂತಿಲ್ಲ.

ಹಿಂದಿನ ವರ್ಷದ ಕೂಟದಲ್ಲಿ ಇರಾಸಿಯ ಚೀಟಿ ಹೋಗಿದ್ದು ಉಪಾಧಿಕಾರಿ ವಾಂಡರ್ಲೇ ಪಿಮೆಂಟೆಲ್ ಕೈಗೆ. ವಾಂಡರ್ಲೇ ಚೆಂದದ ಗಂಡಸು, ಚೆಂದವಾಗಿ ನಗುವವನು, ಎಲ್ಲರನ್ನೂ ನಗಿಸುವವನು. ಯಾರೋ ಒಬ್ಬರನ್ನು ನೆಲಕ್ಕೆ ಹಾಕಿ ತುಳಿಯದೆ ನಗಿಸುವುದು ಮಾತ್ರ ಅವನಿಗೆ ಬರುತ್ತಿರಲಿಲ್ಲ. ಇರಾಸಿಗೊಂದು ರೂಢಿಯಿತ್ತು. ಮುಖ್ಯಾಧಿಕಾರಿ ಎದ್ದು ಹೋದ ಮೇಲೆ, ಅದಕ್ಕೆ ಮುಂಚೆ ಎಂದೂ ಅಲ್ಲ, ಉಳಿದ ಹಂದಿಮಾಂಸವನ್ನೂ ಅನ್ನವನ್ನೂ ಡಬ್ಬಿಗೆ ತುಂಬಿಕೊಂಡು ಮನೆಗೆ ಒಯ್ಯುವುದು. ಮನೆಯಲ್ಲಿ ಹಸಿದ ಮಕ್ಕಳಿರಲಿಲ್ಲ, ಹಾಸಿಗೆ ಹಿಡಿದ ತಾಯಿಯೂ ಇರಲಿಲ್ಲ. ಕ್ರಿಸ್‌ಮಸ್ ದಿನ ಅವಳಿಗೇ ಊಟಕ್ಕಾಗುತ್ತಿತ್ತು, ಅಷ್ಟೇ. ಒಳ್ಳೆಯ ಅಡುಗೆಯನ್ನು ಕಸಕ್ಕೆ ಸುರಿಯುವುದು ಅವಳ ಪ್ರಕಾರ ಅನಾಗರಿಕತೆ. ಉಳಿದವರೂ ಒಯ್ಯುತ್ತಿದ್ದರು, ಆದರೆ ಚೀಲದೊಳಗೆ, ಕದ್ದು. ಇವಳು ಎಲ್ಲರೆದುರೇ ಒಯ್ಯುತ್ತಿದ್ದಳು.

ವಾಂಡರ್ಲೇ ನಡುವೆ ಬಂದು ನಿಂತು ಎದೆಯ ಮೇಲೆ ಕೈಯಿಟ್ಟು ಹೇಳಿದ: "ನನ್ನ ಗುಟ್ಟಿನ ಗೆಳತಿಗೆ ಹಬ್ಬ ಶುರುವಾಗೋದೇ ನಮ್ಮದೆಲ್ಲ ಊಟ ಆದ್ಮೇಲೆ..."

ಅವನು ಮಾತು ಮುಗಿಸಬೇಕಾಗಲಿಲ್ಲ. ಇಡೀ ಕಚೇರಿ ಒಂದೇ ಕಂಠದಲ್ಲಿ "ಇರಾಸಿ!" ಎಂದಿತು.

ಉಡುಗೊರೆ ಬಿಚ್ಚಿದರೆ ಒಂದರೊಳಗೊಂದು ಕೂತ ಮೂರು ಪ್ಲಾಸ್ಟಿಕ್ ಡಬ್ಬಿಗಳು, ನೀಲಿ ಮುಚ್ಚಳದವು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇರಾಸಿ "ತುಂಬಾ ಉಪಯೋಗಕ್ಕೆ ಬರುತ್ತೆ" ಎಂದು ಹೇಳಿ, ವಾಂಡರ್ಲೇಯನ್ನು ಅಪ್ಪಿಕೊಂಡು, ತನ್ನ ಕುರ್ಚಿಗೆ ಹೋಗಿ ಕೂತಳು. ಅಂದು ಬರಿಗೈಯಲ್ಲಿ ಮನೆಗೆ ಹೋದಳು. ಕ್ರಿಸ್‌ಮಸ್ ದಿನ ಅಂಗಡಿಗಳೆಲ್ಲ ಮುಚ್ಚಿದ್ದವು. ಒಂದು ಮೊಟ್ಟೆ ಬೇಯಿಸಿ, ಉಪ್ಪು ಹಾಕಿಕೊಂಡು ತಿಂದಳು.

ಅವಳನ್ನು ಕೊರೆದದ್ದು ಅವನ ಮಾತಲ್ಲ. ಬಾಯಿಗೆ ಬಂದದ್ದನ್ನು ಆಡುವವರು ಎಲ್ಲ ಕಡೆಯೂ ಇರುತ್ತಾರೆ. ಅರ್ಧ ವಾಕ್ಯಕ್ಕೇ ಎಲ್ಲರಿಗೂ ತಿಳಿದುಹೋಯಿತಲ್ಲ, ಅದು ಕೊರೆಯಿತು. ಇಷ್ಟು ವರ್ಷ ನೆಟ್ಟಗೆ ನಡೆದದ್ದಕ್ಕೆ ಆ ಕಚೇರಿ ಕೊಟ್ಟ ಹೆಸರು ಅದು: ಎಂಜಲು ಬಾಚುವವಳು. ಒಬ್ಬರಾದರೂ ಬೇರೆಯವರ ಹೆಸರು ಕೂಗಿದ್ದರೆ ಅವಳು ಬಹುಶಃ ಬಿಟ್ಟುಬಿಡುತ್ತಿದ್ದಳೇನೋ. ನಾನು ಬಹುಶಃ ಎಂದೆ, ಬಿಡುತ್ತಿರಲಿಲ್ಲ.

ವರ್ಷವಿಡೀ ಮನಸ್ಸಿನಲ್ಲೇ ಬೈಗುಳ ಮಸೆದಳು. ಕಿಟಕಿಯಲ್ಲಿ ಕೂತು ಹುಟ್ಟಿದ ಮಕ್ಕಳ ಹೆಸರು ಬರೆಯುತ್ತ ಮಸೆದಳು, ಸತ್ತವರ ಹೆಸರು ಬರೆಯುತ್ತ ಮಸೆದಳು. ಈ ಸಲ ವಾಂಡರ್ಲೇಯ ಚೀಟಿ ನನಗೆ ಬರಲಿ ಎಂದು ಸಂತ ಅಂತೋನಿಗೆ ಹರಕೆ ಹೊತ್ತಳು. ಆದರೆ ಯಾವ ಬೈಗುಳವೂ ಮನಸ್ಸಿಗೆ ಹಿಡಿಸಲಿಲ್ಲ. ಬೈದರೆ ಆ ಮನುಷ್ಯ ಎಲ್ಲರಿಗಿಂತ ಜೋರಾಗಿ ತಾನೇ ನಗುತ್ತಾನೆ. ನಕ್ಕವನಿಗೆ ಏನೂ ತಾಗುವುದಿಲ್ಲ. ಮೇಲಾಗಿ, ಉಡುಗೊರೆ ಕೊಡುವಾಗ ಕೆಟ್ಟ ಮಾತಾಡಬಾರದು ಎಂದು ಹತ್ತಾರು ಮಂದಿಗೆ ಕಲಿಸಿದವಳು ತಾನೇ.

ಆಗಸ್ಟಿನಲ್ಲಿ ಒಬ್ಬ ಗುಮಾಸ್ತ ನಿವೃತ್ತನಾದ. ಮುಖ್ಯಾಧಿಕಾರಿ ದೋನಾ ಲಾವಿನಿಯಾ ಎದ್ದು ನಿಂತು ಅವನ ಶ್ರದ್ಧೆ, ಸಮಯಪಾಲನೆ ಎಂದು ಉದ್ದಕ್ಕೆ ಹೊಗಳತೊಡಗಿದರು. ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು: "ಇದು ಯಾರ ಬಗ್ಗೆ ಹೇಳ್ತಿರೋದು?" ಮುಂದೆ ಕೂತಿದ್ದ ಗುಮಾಸ್ತನ ಕಿವಿ ಕೆಂಪಾದದ್ದನ್ನು ಇರಾಸಿ ನೋಡಿದಳು. ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟಳು. ಬೇಕಾದದ್ದು ಸಿಕ್ಕಿತ್ತು.

ಚೀಟಿ ಮಾತ್ರ ಸಿಗಲಿಲ್ಲ. ಸಂತರು ಆ ವರ್ಷ ಬೇರೆ ಕೆಲಸದಲ್ಲಿದ್ದಿರಬೇಕು. ಅವಳು ಎತ್ತಿದ ಚೀಟಿಯಲ್ಲಿ ಕಾಫಿ ಮಾಡುವ ಜಾಂದಿರಾಳ ಹೆಸರಿತ್ತು. ಇರಾಸಿ ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ. ಆಮೇಲೆ ದಫ್ತರು ಹೊಲಿಯುವ ಮುದುಕ ಅಬೀಲಿಯೊ ತಾನಾಗಿಯೇ ಅವಳ ಕಿಟಕಿಗೆ ಬಂದು ತಲೆ ಕೆರೆದುಕೊಂಡ.

"ದೋನಾ ಇರಾಸಿ, ನಿಮಗೆ ರೀತಿ ನೀತಿ ಗೊತ್ತು. ಎಲ್ಲಾ ಇರೋ ಮನುಷ್ಯನಿಗೆ ಏನು ಕೊಡ್ತಾರೆ? ಕಾರಿದೆ, ಗಡಿಯಾರ ಇದೆ, ಸೆಂಟಂತೂ ಬಾಗಿಲಿಂದಾಚೆ ಹೊಡೆಯುತ್ತೆ..."

ಇರಾಸಿ ಕನ್ನಡಕ ತೆಗೆದಳು. "ಸೆವು ಅಬೀಲಿಯೊ, ಚೀಟಿ ಈಚೆ ಕೊಡಿ."

"ಆಂ?"

"ನಿಮ್ಮದು ನನಗೆ, ನನ್ನದು ನಿಮಗೆ. ನನಗೆ ಬಂದಿರೋದು ಜಾಂದಿರಾ. ಒಂದು ಒಳ್ಳೆ ಸೋಪು ಕೊಟ್ರೆ ಕುಣಿದಾಡ್ತಾಳೆ."

"ಚೀಟಿ ಬದಲಾಯಿಸ್ಕೋಬಾರ್ದು ಅಂತ ನೀವೇ ಅಲ್ವಾ ಹೇಳಿದ್ದು?"

"ಹೇಳಿದ್ದೆ. ಈಗ್ಲೂ ಹೇಳ್ತೀನಿ. ಕೊಡಿ ಇಲ್ಲಿ."

ಮುದುಕ ಚೀಟಿಯನ್ನು ಜೇಬಿನಿಂದ ತೆಗೆದ, ಆದರೆ ಕೈ ಚಾಚಲಿಲ್ಲ. "ಹಬ್ಬದ ದಿನ ರಂಪ ಮಾಡ್ಬೇಡಿ ತಾಯಿ. ಹೋದ ವರ್ಷ ನಾನೂ ನಕ್ಕೆ, ಸುಳ್ಳು ಹೇಳಲ್ಲ. ಆಮೇಲೆ ಮನೇಲಿ ಸರಿ ಅನ್ನಿಸಲಿಲ್ಲ."

"ಅವನ ಬಗ್ಗೆ ಒಂದೇ ಒಂದು ಕೆಟ್ಟ ಮಾತು ನನ್ನ ಬಾಯಿಂದ ಬರಲ್ಲ. ದೇವಮಾತೆಯಾಣೆ."

"ಅದಕ್ಕೇ ಹೆದರಿಕೆ ಆಗ್ತಿರೋದು," ಎಂದು ಅಬೀಲಿಯೊ ಚೀಟಿ ಕೊಟ್ಟ.

ಉಡುಗೊರೆಯಾಗಿ ಅವಳು ಒಂದು ರೇಷ್ಮೆ ಕರವಸ್ತ್ರ ಕೊಂಡಳು. ಬಿಳಿಯದು, ಅಂಚಿಗೆ ಬೂದುಬಣ್ಣದ ಗೆರೆ. ಅದರಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ. ಕರವಸ್ತ್ರ ಕೊಟ್ಟವರು ಕಣ್ಣೀರು ಕೊಡುತ್ತಾರೆ ಎಂಬ ಮಾತು ಆ ಕಡೆ ಉಂಟು. ಇರಾಸಿಗೆ ಅದು ಗೊತ್ತಿತ್ತು. ಇನ್ನೊಂದು ಸಿದ್ಧತೆಯನ್ನೂ ಮಾಡಿಕೊಂಡಳು. ಒಂದು ವರ್ಷ ಕಪಾಟಿನ ತಳದಲ್ಲಿ ಮುಟ್ಟದೆ ಇಟ್ಟಿದ್ದ ನೀಲಿ ಮುಚ್ಚಳದ ಡಬ್ಬಿಗಳನ್ನು ತೊಳೆದು, ಒರೆಸಿ, ಚೀಲಕ್ಕೆ ಹಾಕಿದಳು. ಆಟ ಮುಗಿದ ಮೇಲೆ ವಾಂಡರ್ಲೇಯ ಕಣ್ಣೆದುರೇ ಅವುಗಳನ್ನು ತುಂಬಿಕೊಂಡು, ತಲೆಯೆತ್ತಿ ಬಾಗಿಲು ದಾಟಬೇಕು. ಅಂದು ನಗುವ ಧೈರ್ಯ ಒಬ್ಬರಿಗೂ ಇರಬಾರದು. ಅವಳಿಗೆ ಬೇಕಾಗಿದ್ದದ್ದು ಅದು.

ಕೂಟದ ದಿನ ಕಿಟಕಿಗಳನ್ನು ಮಧ್ಯಾಹ್ನಕ್ಕೇ ಮುಚ್ಚಿದರು. ಹೊರಗೆ ಆ ನಾಡಿನ ಡಿಸೆಂಬರ್ ಬೇಸಿಗೆಯ ಧಗೆ, ಗುಡ್ಡದಾಚೆ ಗುಡುಗು. ಒಳಗೆ ಮೇಜುಗಳನ್ನು ಜೋಡಿಸಿ ಬಟ್ಟೆ ಹಾಸಿದ್ದರು. ಹುರಿದ ಹಂದಿತೊಡೆ, ಮರಗೆಣಸಿನ ಹುರಿಹಿಟ್ಟು, ಒಣದ್ರಾಕ್ಷಿಯ ಅನ್ನ, ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿಸಿದ ಕರಿದ ಬ್ರೆಡ್ಡು. ವಾಂಡರ್ಲೇ ಶರ್ಟಿನ ತೋಳು ಮಡಿಸಿಕೊಂಡು ಮೇಜಿನಿಂದ ಮೇಜಿಗೆ ಓಡಾಡುತ್ತಿದ್ದ.

"ಈ ಸಲ ಕ್ರಿಸ್‌ಮಸ್ ಗ್ವಾರಪಾರಿಯಲ್ಲಿ! ಹೆಂಡತಿ, ಮಕ್ಕಳು, ಎಲ್ಲಾ ಹೊರಟಿದ್ದೀವಿ. ಕಿಟಕಿ ತೆಗೆದ್ರೆ ಸಮುದ್ರ. ನೀವೆಲ್ಲ ಇಲ್ಲೇ ಬೇಯ್ತಾ ಇರಿ!" ಇರಾಸಿಯ ಮೇಜಿನ ಹತ್ತಿರ ಬಂದಾಗ ಸ್ವರ ಏರಿಸಿದ. "ದೋನಾ ಇರಾಸಿ, ತಟ್ಟೇಲಿ ಇಷ್ಟೇ ಇಷ್ಟಾ? ಓ... ಹೊಟ್ಟೆ ಆಮೇಲಕ್ಕೆ ಕಾದಿರಿಸಿದ್ದೀರಿ ಅನ್ನಿ!"

ಪಕ್ಕದವರು ಕಿಸಕ್ಕೆಂದರು. "ಮಾಂಸ ಹದವಾಗಿದೆ, ನೀವೂ ಊಟ ಮಾಡಿ," ಎಂದಳು ಇರಾಸಿ.

ಅವಳ ಸರದಿ ಬಂತು. ಎದ್ದು, ಸ್ಕರ್ಟು ನೇರ ಮಾಡಿಕೊಂಡು, ಪೊಟ್ಟಣ ಹಿಡಿದು ನಡುವೆ ನಿಂತಳು. "ನನ್ನ ಗುಟ್ಟಿನ ಗೆಳೆಯ ಮೃದು ಮಾತಿನವರು," ಎಂದಳು. "ಇನ್ನೊಬ್ಬರ ಮನಸ್ಸು ನೋಯಿಸಿ ತಾವು ದೊಡ್ಡವರಾಗಬೇಕು ಅಂತ ಯಾವತ್ತೂ ಆಸೆಪಟ್ಟವರಲ್ಲ."

"ಅಬೀಲಿಯೊ!" ಎಂದು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಕೂಗಿದವನು ವಾಂಡರ್ಲೇ.

"ಅಲ್ಲ. ಇವರು ಬೇರೆಯವರು ಮಾಡಿದ ಕೆಲಸಕ್ಕೆ ತಮ್ಮ ಹೆಸರು ಹಾಕಿಕೊಳ್ಳೋದಿಲ್ಲ. ಕೆಳಗಿನವರು ತಪ್ಪು ಮಾಡಿದ್ರೆ ಒಳಗೆ ಕರೆದು, ಬಾಗಿಲು ಮುಚ್ಚಿ ಹೇಳ್ತಾರೆ."

"ಖಜಾಂಚಿ!" ಎಂದಿತು ಒಂದು ಮೂಲೆ.

"ಅಲ್ಲ."

"ಹಂಗಾದ್ರೆ ಕಾವಲಿನ ಸೆವು ದೊರಿವಾಲ್!"

"ಅವರೂ ಅಲ್ಲ. ಇವರು ಕಾಫಿ ಕುಡಿದ ಲೋಟ ತಾವೇ ತೊಳೀತಾರೆ."

ಕಾಫಿಯ ಜಾಂದಿರಾ ತಲೆಯಾಡಿಸಿದಳು. "ಲೋಟ ತೊಳೆಯೋ ಗಂಡಸಾ? ಈ ಕಚೇರೀಲಾ? ನಾನಂತೂ ಕಂಡಿಲ್ಲಮ್ಮ!"

ನಗು ಎದ್ದಿತು. ಗಂಡಸರು ಇದ್ದದ್ದೇ ಬೆರಳೆಣಿಕೆಯಷ್ಟು. ಒಂದೊಂದೇ ಹೆಸರು ಬಂತು, ಒಂದೊಂದಕ್ಕೂ ಇರಾಸಿ ಅಲ್ಲವೆಂದಳು. "ಗ್ಯಾಸ್ ತರೋನು!" ಎಂದ ಒಬ್ಬ ತಮಾಷೆಗೆ. "ಮೊನ್ನೆ ತೀರಿಹೋದ ಸೆವು ಜಸಿಂತೊ ಅಲ್ಲ ತಾನೆ?" ಎಂದಳು ಕ್ಲಿಯೊನೀಸ್. ಇರಾಸಿ ಅವಸರ ಮಾಡಲಿಲ್ಲ. ಒಂದೊಂದು ಗುಣವನ್ನೂ ಮೇಜಿನ ಮೇಲೆ ತಟ್ಟೆ ಜೋಡಿಸುವವಳಂತೆ ಮೆಲ್ಲಗೆ ಇಟ್ಟಳು: ವಿನಯ, ಔದಾರ್ಯ, ದೊಡ್ಡವರಿಗೂ ಸಣ್ಣವರಿಗೂ ಒಂದೇ ಮುಖ. ನಗು ತಾನಾಗಿಯೇ ತೆಳುವಾಗುತ್ತ ಬಂತು. ಕೂಗದೆ ಉಳಿದ ಹೆಸರು ಒಂದೇ ಎಂಬುದು ಮೊದಲು ಕೆಲವರಿಗೆ, ಆಮೇಲೆ ಎಲ್ಲರಿಗೂ ಹೊಳೆಯಿತು. ಹೊಳೆದ ಮೇಲೆ ಯಾರೂ ಬಾಯಿ ತೆರೆಯಲಿಲ್ಲ. ಜನ ತಮ್ಮ ತಟ್ಟೆಗಳನ್ನು ನೋಡಿಕೊಂಡರು. ದೋನಾ ಲಾವಿನಿಯಾ ಬೀಸಣಿಗೆ ಬೀಸುವುದನ್ನು ನಿಲ್ಲಿಸಿದರು. ಎಲ್ಲರಿಗಿಂತ ಕೊನೆಗೆ ಅದು ವಾಂಡರ್ಲೇಗೆ ಹೊಳೆಯಿತು. ಬಾಯಲ್ಲಿ ನಗು ಇನ್ನೂ ಇತ್ತು, ಆದರೆ ಅದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಇರಾಸಿ ಇನ್ನಷ್ಟು ಹೊತ್ತು ಕಾದಳು. ಆ ಮೌನಕ್ಕಾಗಿ ಅವಳು ಒಂದು ವರ್ಷ ಹಸಿದು ಕಾದಿದ್ದಳು.

"ಒಬ್ಬರಿಗೂ ತಿಳೀಲಿಲ್ವಾ?" ಎಂದಳು ಕೊನೆಗೆ, ಬಹಳ ಮರ್ಯಾದೆಯಿಂದ. "ಆಶ್ಚರ್ಯ. ನನ್ನ ಗುಟ್ಟಿನ ಗೆಳೆಯ ನಮ್ಮ ಉಪಾಧಿಕಾರಿ ವಾಂಡರ್ಲೇ ಪಿಮೆಂಟೆಲ್ ಅವರು."

ಪೊಟ್ಟಣ ಕೊಟ್ಟು ಅಪ್ಪಿಕೊಂಡಳು. ಅವನ ಬೆನ್ನು ಒದ್ದೆಯಾಗಿತ್ತು. "ಕ್ರಿಸ್‌ಮಸ್ ಶುಭಾಶಯ," ಎಂದಳು ಕಿವಿಯ ಹತ್ತಿರ. ಚಪ್ಪಾಳೆ ಬಿತ್ತು, ಹೊದಿಕೆ ಕೊಡವಿದ ಸದ್ದಿನಷ್ಟು. ವಾಂಡರ್ಲೇ ತನ್ನ ಸರದಿಯ ಉಡುಗೊರೆಯನ್ನು ಒಂದೇ ವಾಕ್ಯದಲ್ಲಿ ಕೊಟ್ಟು ಮುಗಿಸಿದ. ಆಮೇಲೆ ಯಾರ ಮೇಜಿಗೂ ಹೋಗಲಿಲ್ಲ.

ಇರಾಸಿ ಎರಡನೆಯ ಲೋಟ ಬಿಯರು ಕುಡಿದಳು. ಅಬೀಲಿಯೊ ಪಕ್ಕಕ್ಕೆ ಬಂದು ಕೂತ. "ಒಂದು ಕೆಟ್ಟ ಮಾತೂ ಆಡಲಿಲ್ಲ ನೀವು."

"ಆಣೆ ಇಟ್ಟಿದ್ದೆನಲ್ಲ."

"ಹೂಂ. ಬೈದಿದ್ರೆ ಬಡವ ಬದುಕ್ಕೊಳ್ತಿದ್ದ."

ದೋನಾ ಲಾವಿನಿಯಾ ಎದ್ದು ಎಲ್ಲರಿಗೂ ಕೈ ಕುಲುಕಿ ಹೋದರು. ಈಗ ತುಂಬಬಹುದು. ಇರಾಸಿ ಚೀಲ ಹಿಡಿದು ಅಡುಗೆಕೋಣೆಗೆ ಹೊರಟಳು. ಉಳಿದ ಮಾಂಸವನ್ನು ಅಲ್ಲಿಗೆ ಸಾಗಿಸಿದ್ದರು. ಅವಳು ಹಾದುಹೋಗುವಾಗ ಜನ ಕುರ್ಚಿ ಸರಿಸಿ ದಾರಿ ಬಿಟ್ಟರು. ಒಬ್ಬರೂ ನಗಲಿಲ್ಲ. "ಹಬ್ಬದ ಶುಭಾಶಯ ದೋನಾ ಇರಾಸಿ," ಎಂದರು ಇಬ್ಬರು, ಕೇಳದೆಯೇ.

ಅಡುಗೆಕೋಣೆಯಲ್ಲಿ ವಾಂಡರ್ಲೇ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದ. ಹೊಸ ರೇಷ್ಮೆ ಕರವಸ್ತ್ರ ಮೇಜಿನ ಮೇಲೆ ಹರಡಿತ್ತು. ಅದರ ಮೇಲೆ ಹಂದಿಮಾಂಸದ ಎರಡು ತುಂಡು. ಮೂರನೆಯದು ಅವನ ಬೆರಳಲ್ಲಿತ್ತು. ಹೆಜ್ಜೆ ಸದ್ದಿಗೆ ತಿರುಗಿದ. ಮಾಂಸವನ್ನು ಬಟ್ಟಲಿಗೆ ಹಾಕಲೋ ಬಟ್ಟೆಗೆ ಹಾಕಲೋ ಎಂದು ಕೈ ಗಾಳಿಯಲ್ಲೇ ನಿಂತಿತು.

ಇರಾಸಿ ಬಟ್ಟೆಯನ್ನು ನೋಡಿದಳು, ಅವನನ್ನು ನೋಡಿದಳು. "ಗ್ವಾರಪಾರಿಯಲ್ಲಿ ಮಾಂಸ ಸಿಗಲ್ವಾ?"

ಅವನು ಬಾಗಿಲಾಚೆ ಕಣ್ಣು ಹಾಯಿಸಿದ. ಸ್ವರ ಬಹಳ ತಗ್ಗಿತ್ತು. "ಗ್ವಾರಪಾರಿಗೆ ಯಾರೂ ಹೋಗ್ತಿಲ್ಲ. ಅವಳು ಜುಲೈನಲ್ಲೇ ಮಕ್ಕಳನ್ನ ಕರ್ಕೊಂಡು ಅವರಮ್ಮನ ಮನೆಗೆ ಹೋದ್ಲು." ತುಂಡನ್ನು ಬಟ್ಟೆಯ ಮೇಲೇ ಇಟ್ಟು, ಬೆರಳಿನ ಎಣ್ಣೆಯನ್ನು ಒರೆಸಲು ಏನೂ ಸಿಗದೆ ಕೈಯನ್ನು ದೂರ ಹಿಡಿದುಕೊಂಡ. "ಕ್ರಿಸ್‌ಮಸ್ ದಿನ ಅಂಗಡಿ ಎಲ್ಲ ಮುಚ್ಚಿರುತ್ತೆ."

"ಗೊತ್ತು," ಎಂದಳು ಇರಾಸಿ.

ಪಕ್ಕದಲ್ಲೇ ಇಡೀ ಕಚೇರಿ ಕೂತಿತ್ತು. ಅವಳು ಸ್ವರ ಏರಿಸಿದ್ದರೆ ಸಾಕಿತ್ತು, ಮುಂದಿನ ಹತ್ತು ಡಿಸೆಂಬರಿಗೆ ಆಗುವಷ್ಟು ಮಾತು ಅಲ್ಲಿತ್ತು. ಬಾಗಿಲ ಹತ್ತಿರ ಕ್ಲಿಯೊನೀಸಳ ಎತ್ತರ ಹಿಮ್ಮಡಿಯ ಚಪ್ಪಲಿಯ ಸದ್ದು ಬರುತ್ತಿತ್ತು. ಇರಾಸಿ ಚೀಲದಿಂದ ದೊಡ್ಡ ಡಬ್ಬಿಯನ್ನು ತೆಗೆದಳು. ಕರವಸ್ತ್ರವನ್ನು ನಾಲ್ಕು ಮೂಲೆ ಹಿಡಿದೆತ್ತಿ, ಮಾಂಸವನ್ನು ಡಬ್ಬಿಗೆ ಸುರಿದು, ಬಟ್ಟೆಯನ್ನು ಅವನ ಜೇಬಿಗೆ ತುರುಕಿದಳು.

"ರೇಷ್ಮೆಗೆ ಎಣ್ಣೆ ತಾಗಿಸಿದ್ದೀರಿ. ತಣ್ಣೀರಲ್ಲಿ ಹೋಗಲ್ಲ, ಉಗುರುಬೆಚ್ಚಗಿನ ನೀರಲ್ಲಿ ಒಗೀರಿ."

ಕ್ಲಿಯೊನೀಸ್ ಒಳಗೆ ಬಂದಳು. ಇಬ್ಬರ ನಡುವೆ ಮೇಜಿನ ಮೇಲೆ ನೀಲಿ ಮುಚ್ಚಳದ ಡಬ್ಬಿ, ಬಾಯಿ ತೆರೆದದ್ದು. ಅವಳ ಕಣ್ಣು ಡಬ್ಬಿಯಿಂದ ವಾಂಡರ್ಲೇಯ ಎಣ್ಣೆಗೈಗೆ ಹೋಯಿತು. "ಅಯ್ಯೋ, ಇದು ಯಾರದು?"

ವಾಂಡರ್ಲೇ ಬಾಯಿ ತೆರೆದ.

"ನನ್ನದು," ಎಂದಳು ಇರಾಸಿ. "ಇನ್ಯಾರದಿರುತ್ತೆ? ವಾಂಡರ್ಲೇ ಅವರು ಹೆಚ್ಚಿಕೊಡ್ತಿದ್ದಾರೆ. ಆ ಅನ್ನದ ಪಾತ್ರೆ ಈಚೆ ತಳ್ಳು, ಎಲ್ಲಾ ಬಾಚ್ಕೋತೀನಿ."

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೋಡಿದಳು. ಆಚೆ ಅವಳ ಸ್ವರ ಕೇಳಿಸಿತು, "ಅಡುಗೆಕೋಣೇಲಿ ಡಬ್ಬಿ ತುಂಬಿಸ್ಕೊಳ್ತಿರೋರು ಯಾರು, ಹೇಳಿ ನೋಡೋಣ!" ಅದರ ಹಿಂದೆಯೇ ಇಡೀ ಕಚೇರಿ, ಒಂದೇ ಕಂಠದಲ್ಲಿ, ಹೋದ ವರ್ಷದ ಹಾಗೆಯೇ.

ಇರಾಸಿ ಅನ್ನ ತುಂಬಿದಳು. ಒಣದ್ರಾಕ್ಷಿಯನ್ನು ಆರಿಸಲಿಲ್ಲ. ಮುಚ್ಚಳ ಒತ್ತಿ, ಡಬ್ಬಿಯನ್ನು ವಾಂಡರ್ಲೇಯ ಕಡೆಗೆ ತಳ್ಳಿದಳು.

"ಒಂದು ಮೂಲೆ ಸಡಿಲ ಇದೆ," ಎಂದಳು. "ನೆಟ್ಟಗೆ ಹಿಡ್ಕೊಳ್ಳಿ. ತೊಳೆದು ವಾಪಸು ತನ್ನಿ."